ಎಡಗಡೆಯ ಸೀಟು

ವಿಲ್ಫ್ ಲಾರ್ಟರನಿಗೆ ರಸ್ತೆ ತಿಳಿಯುವುದು ಕಣ್ಣಿನಿಂದಲ್ಲ, ಕೂತ ಜಾಗದಿಂದ ಎಂದು ಬ್ರೆಕ್ ಕಾರ್ಖಾನೆಯವರು ಆಡಿಕೊಳ್ಳುತ್ತಿದ್ದರು. ನಾರ್ಫೋಕ್ ಸೀಮೆಯ ಬಯಲಿನಲ್ಲಿ, ಯುದ್ಧ ಮುಗಿದ ಮೇಲೆ ಪಾಳುಬಿದ್ದಿದ್ದ ವಿಮಾನ ನಿಲ್ದಾಣವೊಂದರ ಶೆಡ್ಡುಗಳಲ್ಲಿ ನಡೆಯುತ್ತಿದ್ದ ಸಣ್ಣ ಕಾರ್ಖಾನೆ ಅದು. ಇಬ್ಬರು ಕೂರುವ, ನೆಲಕ್ಕೆ ಅಂಟಿಕೊಂಡಂತಿರುವ ಹಗುರವಾದ ಸ್ಪೋರ್ಟ್ಸ್ ಕಾರುಗಳನ್ನು ಬಿಟ್ಟು ಅಲ್ಲಿ ಬೇರೇನೂ ಮಾಡುತ್ತಿರಲಿಲ್ಲ. ಆ ಕಾರುಗಳ ಸ್ಪ್ರಿಂಗು ಎಷ್ಟು ಮೆತ್ತಗಿರಬೇಕು, ಸ್ಪ್ರಿಂಗು ಕುಣಿಯದಂತೆ ಹಿಡಿದು ನಿಲ್ಲಿಸುವ ಡ್ಯಾಂಪರು ಎಷ್ಟು ಬಿಗಿಯಿರಬೇಕು ಎಂಬುದರಲ್ಲಿ ಕೊನೆಯ ಮಾತು ವಿಲ್ಫನದು. ಒಂದು ಚಕ್ರದಲ್ಲಿ ಗಾಳಿ ಕೊಂಚ ಕಡಿಮೆಯಿದ್ದರೂ ಗೇಟು ದಾಟುವ ಮೊದಲೇ ಹೇಳಿಬಿಡುತ್ತಿದ್ದ. "ಇವನ ಕುಂಡೆಗೆ ಕಂಪನಿಯವ್ರು ವಿಮೆ ಮಾಡಿಸ್ಬೇಕು ಕಣ್ರಪ್ಪ," ಎಂದು ಮೆಕ್ಯಾನಿಕ್ ಸಿಡ್ ಗಾಟ್ಸ್ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಹೇಳುತ್ತಿದ್ದ.

ವಿಲ್ಫನ ನಂಬಿಕೆ ಸರಳವಾದದ್ದು. ಭಾರದ ಕಾರು ರಸ್ತೆಯನ್ನು ತುಳಿದುಕೊಂಡು ಹೋಗುತ್ತದೆ. ಹಗುರ ಕಾರಿಗೆ ಆ ದರ್ಪ ನಡೆಯುವುದಿಲ್ಲ, ದಾರಿಯ ಪ್ರತಿಯೊಂದು ಕಲ್ಲೂ ಅದನ್ನು ಎತ್ತಿ ಒಗೆಯಬಲ್ಲದು. ಹಾಗಾಗಿ ಚಕ್ರವನ್ನು ಧಾರಾಳವಾಗಿ ಮೇಲೆ ಕೆಳಗೆ ಆಡಲು ಬಿಡಬೇಕು, ಒಳಗೆ ಕೂತವರನ್ನು ಮಾತ್ರ ಅಲುಗಿಸಕೂಡದು. ಸ್ಪೋರ್ಟ್ಸ್ ಕಾರೆಂದರೆ ಹಲ್ಲು ಕಟಕಟ ಎನ್ನುವಂತಿರಬೇಕು ಎಂದುಕೊಂಡವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಗಟ್ಟಿ ಸ್ಪ್ರಿಂಗು ಹಾಕುವುದು ಯೋಚನೆ ಮಾಡಲು ಸೋಮಾರಿತನವಿರುವವರ ಕೆಲಸ ಎನ್ನುತ್ತಿದ್ದ.

ಸ್ಪ್ರಿಂಗು ಡ್ಯಾಂಪರಿನ ಬಗೆಗಿನ ವಿಲ್ಫನ ತೀರ್ಮಾನಗಳಲ್ಲಿ ಅರ್ಧ ಪಾಲು ಅವನ ಹೆಂಡತಿ ಬೆರಿಲ್‌ಳದೆಂಬುದು ಸಿಡ್‌ಗೆ ಗೊತ್ತಿತ್ತು. ಹಗುರ ಕಾರಿನಲ್ಲಿ ಪಕ್ಕದಲ್ಲಿ ಕೂರುವವರ ತೂಕ ಸಣ್ಣ ಸಂಗತಿಯಲ್ಲ. ಒಬ್ಬರು ಹತ್ತಿದರೆ ಕಾರಿನ ಗುಣವೇ ಬದಲಾಗಿಬಿಡುತ್ತದೆ. ಹಾಗಾಗಿ ಪ್ರತಿ ಹೊಸ ಕಾರನ್ನೂ ಎಡಗಡೆಯ ಸೀಟಿನಲ್ಲಿ ಯಾರನ್ನಾದರೂ ಕೂರಿಸಿಕೊಂಡು ಓಡಿಸಿ ನೋಡಬೇಕಿತ್ತು. ಮದುವೆಯಾದ ಹೊಸತರಲ್ಲಿ ಒಂದು ಭಾನುವಾರ ತಮಾಷೆಗೆಂದು ಹತ್ತಿದ ಬೆರಿಲ್ ಆಮೇಲೆ ಆ ಜಾಗ ಬಿಟ್ಟುಕೊಡಲೇ ಇಲ್ಲ. ಮಕ್ಕಳಿರಲಿಲ್ಲ. ಭಾನುವಾರವೆಂದರೆ ಫ್ಲಾಸ್ಕಿನಲ್ಲಿ ಟೀ, ಮಡಿಲಲ್ಲಿ ಸ್ಯಾಂಡ್‌ವಿಚ್ಚಿನ ಪೊಟ್ಟಣ, ಬಾಯಲ್ಲಿ ದೂರು. ಅವಳಿಗೆ ಎಂಜಿನಿಯರುಗಳ ಭಾಷೆ ಬರುತ್ತಿರಲಿಲ್ಲ. "ಇದರ ಹಿಂಭಾಗ ಗೊಣಗುತ್ತೆ," ಎನ್ನುವಳು. "ಇದು ಹೊಸಾ ಸೊಸೆ ಥರ ಬಳುಕುತ್ತೆ, ನಂಗಿಷ್ಟ ಇಲ್ಲ." "ಇದು ಗುಂಡಿ ಬಂದಾಗ ಸುಮ್ನಿದ್ದು, ದಾಟಿದ ಮೇಲೆ ಸಿಟ್ಟು ಮಾಡ್ಕೊಳ್ಳುತ್ತೆ." ವಿಲ್ಫ್ ಅದನ್ನೆಲ್ಲ ಸ್ಪ್ರಿಂಗು ಡ್ಯಾಂಪರಿನ ಲೆಕ್ಕಕ್ಕೆ ತಿರುಗಿಸಿಕೊಂಡು ಸೋಮವಾರ ಕಾರ್ಖಾನೆಗೆ ಹೋಗುತ್ತಿದ್ದ. ಗಂಡನಿಗೆ ಬೇಜಾರಾದೀತೆಂದು ಅವಳು ಯಾವ ಕಾರನ್ನೂ ಹೊಗಳಿದವಳಲ್ಲ. ವರ್ಷವಿಡೀ ದುಡಿದು ಮಾಡಿದ ಕಾರಿನಿಂದ ಇಳಿದು, "ಇದಕ್ಕಿಂತ ನಮ್ಮಪ್ಪನ ಕೈಗಾಡೀನೇ ವಾಸಿ," ಎಂದು ಒಳಗೆ ಹೋದದ್ದೂ ಉಂಟು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಹೊತ್ತಿಗೆ, ಒಂದು ಶರತ್ಕಾಲದಲ್ಲಿ, ಅವಳಿಗೆ ಬೆನ್ನುನೋವು ಶುರುವಾಯಿತು. ತೋಟದಲ್ಲಿ ಬಗ್ಗಿ ಆಲೂಗಡ್ಡೆ ಕಿತ್ತದ್ದಕ್ಕಿರಬೇಕು ಎಂದುಕೊಂಡರು. ಕೆಲವು ವರ್ಷಗಳ ಹಿಂದೆ ಅವಳ ಎದೆಯಲ್ಲಿ ಕಾಣಿಸಿಕೊಂಡು, ಕತ್ತರಿಸಿ ತೆಗೆದ ಮೇಲೆ ಹೋಯಿತೆಂದು ನಂಬಿದ್ದ ಕಾಯಿಲೆ ಬೆನ್ನುಮೂಳೆಗೆ ಇಳಿದಿತ್ತು. ನಾರ್ವಿಚ್ಚಿನ ಆಸ್ಪತ್ರೆಗೆ ಹೋಗಿಬರುವುದೇ ದೊಡ್ಡ ಶಿಕ್ಷೆಯಾಯಿತು. ಆಂಬುಲೆನ್ಸಿನ ಸ್ಪ್ರಿಂಗುಗಳು ಗಟ್ಟಿ. ಪ್ರತಿ ಗುಂಡಿಯೂ ನೇರವಾಗಿ ಮಂಚಕ್ಕೆ ಬಡಿಯುತ್ತಿತ್ತು. ಪಕ್ಕದ ಮನೆಯವರು ತಮ್ಮ ದೊಡ್ಡ ಕಾರು ಕೊಟ್ಟರು. ಅದು ಮೆತ್ತಗಿತ್ತು, ಆದರೆ ದೋಣಿಯ ಹಾಗೆ ತೇಲಿ ತೂಗಾಡುತ್ತಿತ್ತು, ಒಂದೊಂದು ತೂಗಾಟಕ್ಕೂ ಅವಳ ಸೊಂಟ ತಿರುಚಿಕೊಳ್ಳುತ್ತಿತ್ತು. ರೈಲು ಹಳಿ ದಾಟುವಾಗ ಅವಳು ಕೊರಳಿನ ಸ್ಕಾರ್ಫನ್ನು ಬಾಯಿಗೆ ತುರುಕಿಕೊಂಡಳು. ಇನ್ನು ಆಸ್ಪತ್ರೆಗೆ ಕರೆತರುವ ಅಗತ್ಯವಿಲ್ಲ, ಮನೆಯಲ್ಲೇ ನೋಡಿಕೊಳ್ಳಿ ಎಂದು ಡಾಕ್ಟರು ಹೇಳಿದಾಗ, ಆ ಮಾತಿನ ಅರ್ಥ ತಿಳಿದೂ ಅವಳ ಮುಖದಲ್ಲಿ ಒಂದು ಬಗೆಯ ನಿರಾಳ ಕಾಣಿಸಿತು.

"ಇನ್ನು ನನ್ನ ಈ ಮನೆಯಿಂದ ಹೊರಗೆ ಒಯ್ಯೋದು ಒಂದೇ ಸಲ, ವಿಲ್ಫ್," ಎಂದಳು. "ಆವಾಗ ನೋವೂ ಆಗಲ್ಲ."

ಬೆರಿಲ್ ಹುಟ್ಟಿ ಬೆಳೆದದ್ದು ಉತ್ತರದ ಕರಾವಳಿಯ ವೆಲ್ಸ್ ಊರಿನಲ್ಲಿ. ಅವಳಪ್ಪ ತಿನ್ನಲು ಮಾರುವ ಸಮುದ್ರದ ಶಂಖದ ಹುಳು ಹಿಡಿಯುವ ದೋಣಿಯವನು. ಗಂಡನ ಮನೆಯಿಂದ ಅಲ್ಲಿಗೆ ಅರ್ಧ ಗಂಟೆಯ ದಾರಿ, ಅಷ್ಟೇ. ಆದರೆ ಈಗ ಅವಳ ಮಂಚದಿಂದ ಕಾಣುತ್ತಿದ್ದುದು ಬೀಟ್‌ಗಡ್ಡೆ ಕಿತ್ತು ಕೆಸರಾಗಿ ಬಿದ್ದಿದ್ದ ಹೊಲ ಮಾತ್ರ. ಜನವರಿಯಲ್ಲಿ ಒಂದು ಬೆಳಿಗ್ಗೆ ಕಿಟಕಿ ತೆಗೆಯಲು ಹೇಳಿ, ಉತ್ತರದ ಗಾಳಿ ಬೀಸುತ್ತಿದೆ, ಉಪ್ಪಿನ ವಾಸನೆ ಬರುತ್ತಿದೆ ಎಂದಳು. ಅಷ್ಟು ದೂರಕ್ಕೆ ವಾಸನೆ ಬರುವಂತಿರಲಿಲ್ಲ. ವಿಲ್ಫ್ ಕಿಟಕಿ ಮುಚ್ಚಿ ಕೆಳಗೆ ಬಂದ. ಅವತ್ತೇ ಕಾರ್ಖಾನೆಗೆ ಹೋಗಿ ಮ್ಯಾನೇಜರನನ್ನು ಕಂಡ.

ಡನ್ಲಿನ್ ಎಂಬ ಕಾರಿನ ಮೊದಲ ಮಾದರಿಯೊಂದು ಶೆಡ್ಡಿನ ಮೂಲೆಯಲ್ಲಿ ಟಾರ್ಪಾಲಿನ ಕೆಳಗೆ ನಿಂತಿತ್ತು. ಹಸಿರು ಬಣ್ಣದ್ದು. ಹೇಗೂ ಒಡೆದುಹಾಕುವ ಗಾಡಿ, ಬೇಕಾದ್ದು ಮಾಡಿಕೋ ಎಂದ ಮ್ಯಾನೇಜರ್. ವಿಲ್ಫ್ ಸಿಡ್‌ನನ್ನು ಕರೆದು, ಹಾಲು ತುಂಬಿದ ಲೋಟ ಸೀಟಿನ ಮೇಲಿಟ್ಟರೆ ತುಳುಕದಂತೆ ಇದು ಓಡಬೇಕು ಎಂದು ಹೇಳಿದ.

"ಹುಚ್ಚು ಹಿಡಿದಿದ್ಯಾ ಮಾರಾಯ?" ಎಂದ ಸಿಡ್. "ಇಷ್ಟು ಹಗುರಾದ ಗಾಡೀಲಿ?"

"ಹಗುರ ಇರೋದ್ರಿಂದಾನೇ ಆಗುತ್ತೆ. ಭಾರದ ಗಾಡೀನ ಒಂದು ಸಲ ಅಲ್ಲಾಡಿಸಿದ್ರೆ ನಿಲ್ಲಿಸೋದು ಕಷ್ಟ. ಇದನ್ನ ಬೆರಳಲ್ಲಿ ಹಿಡಿದು ನಿಲ್ಲಿಸ್ಬಹುದು."

ಫೆಬ್ರುವರಿಯಿಡೀ ಇಬ್ಬರೂ ಕೆಲಸ ಮುಗಿದ ಮೇಲೆ ಆ ಕಾರಿನ ಕೆಳಗೇ ಇರುತ್ತಿದ್ದರು. ಗಟ್ಟಿ ಲೋಹದ ಕೀಲುಗಳನ್ನು ತೆಗೆದು ರಬ್ಬರಿನವು ಹಾಕಿದರು. ಅಗಲವಾದ ಟೈರು ತೆಗೆದು, ಉಬ್ಬಿದ ಕೆನ್ನೆಯ ಸಪೂರ ಟೈರು ಹಾಕಿದರು. ಡ್ಯಾಂಪರುಗಳನ್ನು ಬಿಚ್ಚಿ ಎಣ್ಣೆ ಹರಿಯುವ ತೂತುಗಳನ್ನು ಹಿಗ್ಗಿಸಿದರು, ಹೆಚ್ಚಾಯಿತೆಂದು ಮತ್ತೆ ಕುಗ್ಗಿಸಿದರು. ಅಷ್ಟು ತಗ್ಗಿನ ಕಾರಿಗೆ ಬೆರಿಲ್ ಬಗ್ಗಿ ಹತ್ತುವಂತಿರಲಿಲ್ಲ. ವಿಲ್ಫ್ ಎಡಗಡೆಯ ಬಾಗಿಲನ್ನೂ ಅದರ ಕೆಳಗಿನ ಗೋಡೆಯನ್ನೂ ಕತ್ತರಿಸಿ, ಸೀಟು ಹೊರಕ್ಕೆ ತಿರುಗಿ ಬರುವಂತೆ ಕೀಲು ಕೂರಿಸಿದ.

ಓಡಿಸಿ ನೋಡುವಾಗ ಆ ಸೀಟಿನಲ್ಲಿ ಬಾರ್ಲಿ ತುಂಬಿದ ಮೂಟೆ ಇಡುತ್ತಿದ್ದರು. ಮೊದಲು ಬೆರಿಲ್‌ಳ ಹಳೆಯ ತೂಕಕ್ಕೆ ತುಂಬಿಸಿದ್ದ. ಎಲ್ಲ ಸರಿಯಾಗಿದೆ ಎನ್ನಿಸಿದ ದಿನ ವಿಲ್ಫ್ ಮೂಟೆಯನ್ನು ಎತ್ತಿ ಇಳಿಸಲು ಹೋಗಿ, ಎದೆಗೆ ಅವಚಿಕೊಂಡವನು ಹಾಗೇ ನಿಂತುಬಿಟ್ಟ. ಪ್ರತಿ ಬೆಳಿಗ್ಗೆ ಅವಳನ್ನು ಮಂಚದಿಂದ ಕುರ್ಚಿಗೆ ಎತ್ತಿ ಕೂರಿಸುತ್ತಿದ್ದವನು ಅವನೇ. ಮೂಟೆಯನ್ನು ನೆಲಕ್ಕಿಳಿಸಿ, ಬಾಯಿ ಬಿಚ್ಚಿ, ಡಬ್ಬಿಯಲ್ಲಿ ಮೊಗೆದು ಮೊಗೆದು ಬಾರ್ಲಿ ಹೊರಕ್ಕೆ ಸುರಿದ. ಎತ್ತಿ ನೋಡಿದ. ಇನ್ನಷ್ಟು ಸುರಿದ. ಸಿಡ್ ಸಿಗರೇಟು ಸೇದಬೇಕೆಂದು ಹೊರಗೆ ಹೋದ. ಅವನು ಒಳಗೆ ಬಂದಾಗ ವಿಲ್ಫ್ ಎಡಗಡೆಯ ಸ್ಪ್ರಿಂಗುಗಳನ್ನು ಬಿಚ್ಚುತ್ತಿದ್ದ. ಅಷ್ಟು ಕಡಿಮೆ ಭಾರಕ್ಕೆ ಅವು ಈಗ ಗಟ್ಟಿಯಾಗಿಬಿಟ್ಟಿದ್ದವು.

ಕಾರು ಮುಗಿದ ಮೇಲೆ ದಾರಿ ಉಳಿಯಿತು. ವೆಲ್ಸ್‌ಗೆ ಹೋಗುವ ಓಣಿಗಳ ಗುಂಡಿಗಳೆಲ್ಲ ವಿಲ್ಫನಿಗೆ ಹಳೆಯ ಪರಿಚಯದವು. ಒಂದು ಬಕೆಟ್ಟು ಡಾಂಬರು, ಒಂದು ಸಲಿಕೆ ಹಿಡಿದು ತಾನೇ ಮುಚ್ಚುತ್ತ ಹೊರಟ. ಕೌನ್ಸಿಲ್ಲಿನ ರಸ್ತೆ ಮೇಸ್ತ್ರಿ ಅವನನ್ನು ಹಿಡಿದು, ಯಾರಪ್ಪನ ರಸ್ತೆ ಎಂದುಕೊಂಡಿದ್ದೀಯ ಎಂದು ರೇಗಿದ. ವಿಲ್ಫ್ ಸುತ್ತಿಬಳಸದೆ ಕಾರಣ ಹೇಳಿದ. ಮೇಸ್ತ್ರಿ ಟೋಪಿ ತೆಗೆದು ತಲೆ ಕೆರೆದುಕೊಂಡು ಹೋದ. ಮರುದಿನ ರೈಲು ಹಳಿಯ ಎರಡೂ ಬದಿ ರೋಲರ್ ಓಡಿ ನೆಲ ಸಮವಾಗಿತ್ತು.

ಮಾರ್ಚ್ ತಿಂಗಳ ಒಂದು ಭಾನುವಾರ ಬೆರಿಲ್ ಎಡಗಡೆಯ ಸೀಟಿನಲ್ಲಿ ಕೂತಳು. ತಲೆಗೆ ನೀಲಿ ಟೋಪಿ, ಕಾಲಮೇಲೆ ಕಂಬಳಿ. ಹಾದಿಯುದ್ದಕ್ಕೂ ವಿಲ್ಫನ ಕಿವಿ ಅವಳ ಕಡೆಗಿತ್ತು. ಹಳಿ ದಾಟುವಾಗ ಕಾರನ್ನು ನಡಿಗೆಯ ವೇಗಕ್ಕೆ ಇಳಿಸಿದ. ಅವಳು ಕಮಕ್ ಕಿಮಕ್ ಎನ್ನಲಿಲ್ಲ. ವೆಲ್ಸ್‌ನ ದಕ್ಕೆಯ ಮೇಲೆ ಕಾರು ನಿಂತು, ಎದುರಿಗೆ ದೋಣಿಗಳು ಕಾಣಿಸಿದ ಮೇಲೆ ಸವಾರಿ ಹೇಗಿತ್ತೆಂದು ಅವನು ಕೇಳಿದ. ಅವಳು ತುಟಿ ಓರೆ ಮಾಡಿ ಯೋಚಿಸಿದಳು.

"ಹಿಂದಗಡೆ ಎಡಚಕ್ರ ಒಂಚೂರು ಗೊಣಗುತ್ತೆ," ಎಂದಳು. "ಉಳಿದದ್ದೆಲ್ಲ ಬೆಣ್ಣೆ."

ವಿಲ್ಫನಿಗೆ ಅಳುವಷ್ಟು ಸಂತೋಷವಾಯಿತು. ಹೋಗಿ ಕಾಗದದಲ್ಲಿ ಸುತ್ತಿದ ಮೀನು, ಆಲೂ ಚಿಪ್ಸ್ ತಂದ. ಮೇಲೆ ವಿನಿಗರ್ ಜಾಸ್ತಿ ಹಾಕಿಸಿದ್ದ, ಅವಳಿಗೆ ಬೇಕಾದಂತೆ. ಅವಳು ಎರಡು ತುಂಡು ತಿಂದು, ಉಳಿದದ್ದನ್ನು ಅವನ ಕಡೆ ತಳ್ಳಿ, ಯಾವ ದೋಣಿ ಯಾರದು, ಯಾರು ಯಾರ ಜೊತೆ ಜಗಳವಾಡಿ ದೋಣಿಯ ಹೆಸರು ಅಳಿಸಿ ಬರೆಸಿದರು ಎಂದು ಹೇಳುತ್ತ ಕೂತಳು. ಅವಳಪ್ಪನ ಜೊತೆ ದುಡಿದಿದ್ದ ಒಬ್ಬ ಮುದುಕ ಬಂದು ಕಾರಿನೊಳಕ್ಕೆ ಬಗ್ಗಿ, ಇದೇನಮ್ಮ ಶವಪೆಟ್ಟಿಗೆಗೆ ಚಕ್ರ ಹಾಕಿಸಿಕೊಂಡು ಬಂದಿದ್ದೀಯ ಎಂದ. ನಿನ್ನ ಅಳತೆ ತಗೊಂಡು ಹೋಗೋಣ ಅಂತ ಬಂದೆ ಎಂದಳು ಬೆರಿಲ್.

ಮರುದಿನವೇ ವಿಲ್ಫ್ ಹಿಂದಿನ ಎಡಚಕ್ರದ ಡ್ಯಾಂಪರು ಬಿಚ್ಚಿ ಸರಿಮಾಡಿದ. ಮುಂದಿನ ಭಾನುವಾರ, ಗೊಣಗಾಟ ನಿಂತಿದೆ ಎಂದಳು. ಹೀಗೆ ಭಾನುವಾರಗಳು ಹೊರಳಿದವು. ಅವಳು ಕರಗುತ್ತಲೇ ಇದ್ದಳು. ವಿಲ್ಫ್ ಅವಳನ್ನು ತಕ್ಕಡಿಗೆ ಹತ್ತಿಸಲಿಲ್ಲ. ಅವಳು ಕೂತ ಮೇಲೆ ಕಾರಿನ ಸುತ್ತ ಹೋಗುವ ನೆಪದಲ್ಲಿ ಎಡಗಡೆಯ ಚಕ್ರಕ್ಕೂ ಅದರ ಮೇಲಿನ ಕಮಾನಿಗೂ ನಡುವಿನ ಸಂದಿಯನ್ನು ನೋಡುತ್ತಿದ್ದ. ವಾರವಾರವೂ ಸಂದಿ ಅಗಲವಾಗುತ್ತಿತ್ತು. ಏಪ್ರಿಲಿನಲ್ಲಿ ಎಡಗಡೆಗೆ ಇನ್ನೂ ಮೆತ್ತನೆಯ ಸ್ಪ್ರಿಂಗು ಸುತ್ತಿಸಿ ತಂದು ಹಾಕಿದ. ಸಿಡ್ ಕೇಳಿದ್ದಕ್ಕೆ, ಹಳೆಯದು ತುಕ್ಕು ಹಿಡಿದಿತ್ತು ಎಂದ.

ಮನೆಗೆ ಬಂದು ನೋವಿನ ಔಷಧಿ ಕೊಟ್ಟು, ಮೈ ತೊಳೆದು ಹೋಗುತ್ತಿದ್ದ ನರ್ಸ್ ಆಲ್ಡಸ್ ಒರಟು ಹೆಂಗಸು, ಒಳ್ಳೆಯವಳು. ಒಂದು ಶುಕ್ರವಾರ ಬಾಗಿಲ ಬಳಿ ಚೀಲ ಹಿಡಿದು ನಿಂತವಳು, ಈ ವಾರ ಇನ್ನೊಂದು ಬಾಟಲಿ ಕೊಡಲು ಆಗುವುದಿಲ್ಲ, ಭಾನುವಾರ ಕರೆದುಕೊಂಡು ಹೋಗಬೇಡಿ ಎಂದಳು. ಔಷಧಿಗೂ ಭಾನುವಾರಕ್ಕೂ ಏನು ಸಂಬಂಧವೆಂದು ವಿಲ್ಫನಿಗೆ ಹೊಳೆಯಲಿಲ್ಲ.

"ಹೊರಡೋಕೆ ಮುಂಚೆ ಅವ್ರು ಔಷಧಿ ಎರಡರಷ್ಟು ಕುಡೀತಾರಲ್ಲ," ಎಂದಳು ನರ್ಸ್. "ಸೋಮವಾರ ನಾನು ಬಂದಾಗ ಮಗ್ಗುಲು ತಿರುಗಿಸೋಕೂ ಬಿಡಲ್ಲ."

"ಕಾರಲ್ಲಿ ಅವಳಿಗೆ ಏನೂ ನೋವಾಗಲ್ಲ. ಅವಳೇ ಹೇಳಿದಾಳೆ."

ನರ್ಸ್ ಆಲ್ಡಸ್ ಅವನ ಮುಖವನ್ನೇ ನೋಡಿದಳು. ತಾನು ಆಡಬಾರದ್ದನ್ನು ಆಡಿದೆನೆಂದು ಅವಳಿಗೆ ಆಗ ತಿಳಿದಿರಬೇಕು. "ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ, ಮಿಸ್ಟರ್ ಲಾರ್ಟರ್," ಎಂದು ಹೇಳಿ ಸೈಕಲ್ಲಿನ ಕಡೆ ನಡೆದಳು.

ವಿಲ್ಫ್ ಮಾಳಿಗೆ ಹತ್ತಲಿಲ್ಲ. ನರ್ಸ್ ಹೋದಮೇಲೆ ಪಕ್ಕದ ಮನೆಯಾಕೆಯನ್ನು ಬೆರಿಲ್‌ಳ ಜೊತೆ ಕೂರಿಸಿ, ನೇರವಾಗಿ ಸಿಡ್‌ನ ಮನೆಗೆ ಕಾರು ಓಡಿಸಿಕೊಂಡು ಹೋದ. ಊಟಕ್ಕೆ ಕೂತಿದ್ದವನನ್ನು ಎಬ್ಬಿಸಿ, ನೀನು ಓಡಿಸು, ನಾನು ಎಡಗಡೆ ಕೂರುತ್ತೇನೆ ಎಂದ. ಅವಳಿಗೆ ಆದದ್ದೇನೆಂದು ತನ್ನ ಮೈಗೆ ತಿಳಿಯಬೇಕಿತ್ತು. ತಾನು ಏನೋ ಒಂದು ಕಡೆ ತಪ್ಪಿದ್ದರೆ ಅದು ಸಿಗಲೇಬೇಕು, ಸಿಕ್ಕರೆ ಸರಿಪಡಿಸಬಹುದು. ಆದರೆ ಅವನು ಕೂತೊಡನೆ ಎಡಗಡೆ ಕುಸಿಯಿತು. ಅಷ್ಟು ಮೆತ್ತಗಿನ ಸ್ಪ್ರಿಂಗು ಒಬ್ಬ ಗಂಡಸಿನ ಭಾರ ಹೊರುವಂತಿರಲಿಲ್ಲ. ಓಣಿಯ ಮೊದಲ ಉಬ್ಬಿಗೇ ಕಾರು ತಳಕ್ಕೆ ಹೋಗಿ ದಢಾರನೆ ಬಡಿಯಿತು, ಎರಡನೆಯದಕ್ಕೆ ಮತ್ತೆ ಬಡಿಯಿತು. ವಿಲ್ಫ್ ಹಲ್ಲು ಕಚ್ಚಿಕೊಂಡು ಕೂತಿದ್ದ. ಆ ಸೀಟನ್ನು ಅವನು ಒಂದೇ ಒಂದು ಜೀವಕ್ಕೆಂದು ಮಾಡಿದ್ದ. ಬೇರೆಯವರಿಗೆ ಅದು ಏನನ್ನೂ ಹೇಳುವಂತಿರಲಿಲ್ಲ.

"ತಿರುಗಿಸು ಸಿಡ್," ಎಂದ. "ಮನೆಗೆ ಹೋಗೋಣ."

ಸಿಡ್ ತಿರುಗಿಸಿದ.

ಬೆರಿಲ್ ಎಚ್ಚರವಾಗಿಯೇ ಇದ್ದಳು. ಪಕ್ಕದ ಮನೆಯಾಕೆ ಎದ್ದು ಹೋಗುವ ತನಕ ವಿಲ್ಫ್ ಕಿಟಕಿಯ ಬಳಿ ನಿಂತಿದ್ದ.

"ಹೇಳಿಬಿಟ್ಲಾ ಆ ಆಲ್ಡಸ್ಸು?" ಎಂದಳು ಬೆರಿಲ್. "ಬಾಯಿ ನಿಲ್ಲಲ್ಲ ಅವಳಿಗೆ."

"ಹಿಂದಿನ ಚಕ್ರ ಗೊಣಗುತ್ತೆ ಅಂದ್ಯಲ್ಲ, ಅದು?"

"ಗೊಣಗ್ತಿರ್ಲಿಲ್ಲ. ಒಂದು ತಪ್ಪಾದ್ರೂ ತೆಗೀದೆ ಇದ್ದಿದ್ರೆ ನೀನು ನಂಬ್ತಿದ್ಯಾ?"

ನಂಬುತ್ತಿರಲಿಲ್ಲ. ಅವನು ಮಂಚದ ಕಾಲದೆಸೆಯಲ್ಲಿ ಕೂತ. ಕೂತದ್ದಕ್ಕೆ ಹಾಸಿಗೆ ಅಲುಗಿ ಅವಳ ಕಣ್ಣು ಸಣ್ಣದಾದದ್ದು ಕಂಡು ಥಟ್ಟನೆ ಎದ್ದು ನಿಂತ. ಇಷ್ಟು ದಿನ ಅದು ತನ್ನ ಕಣ್ಣಿಗೆ ಬೀಳಲಿಲ್ಲವಲ್ಲ ಎಂಬುದು ಅವನಿಗೆ ಸಹಿಸಲಾಗಲಿಲ್ಲ. ರಸ್ತೆಯ ಮೇಲಿನ ಒಂದು ಹರಳನ್ನು ಗುರುತಿಸುವವನು ಗೇಣು ದೂರದಲ್ಲಿ ಕೂತಿದ್ದವಳನ್ನು ಗುರುತಿಸದೆ ಹೋಗಿದ್ದ.

"ಮದುವೆ ಆದಾಗಿಂದ ನೀನು ಒಂದು ಕಾರಿನ ಬಗ್ಗೇನೂ ನಂಗೆ ಸುಳ್ಳು ಹೇಳಿರ್ಲಿಲ್ಲ, ಬೆರಿಲ್."

"ಆ ಗೊಣಗಾಟ ಒಂದು ಬಿಟ್ರೆ ಈಗ್ಲೂ ಹೇಳಿಲ್ಲ. ನೀನು ಮಾಡಿದ್ರಲ್ಲೆಲ್ಲ ಇದೇ ಒಳ್ಳೇ ಕಾರು. ಕೆಟ್ಟಿರೋದು ಕಾರಲ್ಲ, ನಾನು. ನನ್ನೊಳಗೆ ಸ್ಪ್ರಿಂಗು ಹಾಕೋಕೆ ನಿನ್ ಕೈಲಿ ಆಗಲ್ಲ ಕಣೋ."

ಹಾಗಿದ್ದರೆ ಯಾಕೆ ಬರುತ್ತಿದ್ದೆ ಎಂದು ಕೇಳಿದ. ಅವಳು ಸುಧಾರಿಸಿಕೊಂಡು ಹೇಳಿದಳು. ಇಲ್ಲಿ ಮಲಗಿದ್ದರೂ ನೋಯುತ್ತದೆ. ಇಲ್ಲಿ ಚಾವಣಿ ನೋಡುತ್ತ ನೋಯಬೇಕು, ಅಲ್ಲಿ ಸಮುದ್ರ ನೋಡುತ್ತ ನೋಯಬಹುದು. ಅದೂ ಅಲ್ಲದೆ, ಕಾಯಿಲೆಯೆಂದು ಗೊತ್ತಾದ ಮೇಲೆ ಅವನು ಅವಳ ಮಂಚದ ಪಕ್ಕ ಕೂತಿರುತ್ತಿದ್ದ ರೀತಿ ನೋಡಿದರೆ, ಸಾಯುತ್ತಿರುವುದು ತಾನೋ ಅವನೋ ಎನ್ನಿಸುತ್ತಿತ್ತು. ಈ ಕಾರಿನ ಕೆಲಸ ಹಿಡಿದ ಮೇಲೆ ಕೈಯೆಲ್ಲ ಮಸಿ ಮಾಡಿಕೊಂಡು ಬಂದು ಹೊಟ್ಟೆತುಂಬ ತಿನ್ನುತ್ತಿದ್ದ. ಅವನು ತಿನ್ನುವ ಸದ್ದು ಮಾಳಿಗೆಗೆ ಕೇಳಿಸುತ್ತಿತ್ತು. ಅದನ್ನು ಅವನಿಂದ ಕಿತ್ತುಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ವಿಲ್ಫ್ ಇನ್ನು ಕಾರು ತೆಗೆಯುವುದಿಲ್ಲ ಎಂದುಬಿಟ್ಟ. ಅವನ ದನಿಯಲ್ಲಿ ಸಿಟ್ಟಿತ್ತು. ಯಾರ ಮೇಲೆಂದು ಅವನಿಗೇ ತಿಳಿಯಲಿಲ್ಲ. ಆ ಭಾನುವಾರ ಬೆಳಿಗ್ಗೆ ಬೆರಿಲ್ ಪಕ್ಕದ ಮನೆಯಾಕೆಯ ಕೈಲಿ ಬಟ್ಟೆ ಹಾಕಿಸಿಕೊಂಡು, ನೀಲಿ ಟೋಪಿ ಇಟ್ಟುಕೊಂಡು, ದಿಂಬಿಗೊರಗಿ ಕಾಯುತ್ತಿದ್ದಳು. ಬಾಯಿಬಿಟ್ಟು ಕೇಳಲಿಲ್ಲ. ವಿಲ್ಫ್ ಅಡುಗೆ ಮಾಡಿದ, ಪಾತ್ರೆ ತೊಳೆದ, ತೋಟದಲ್ಲಿ ಕಳೆ ಕಿತ್ತ. ಮಧ್ಯಾಹ್ನ ಹೊರಳಿದ ಮೇಲೆ ಟೀ ತೆಗೆದುಕೊಂಡು ಹೋದಾಗ ಅವಳು ಟೋಪಿ ತೆಗೆದು ಪಕ್ಕಕ್ಕಿಟ್ಟಿದ್ದಳು. ಹಣೆಯ ಮೇಲೆ ಅದರ ಅಂಚಿನ ಗುರುತು ಕೆಂಪಗೆ ಉಳಿದಿತ್ತು.

ಆ ವಾರ ನರ್ಸ್ ಆಲ್ಡಸ್ ಎರಡು ಸಲ ಬಂದಳು. ಎರಡನೆಯ ಸಲ ಬಾಗಿಲಲ್ಲಿ ನಿಂತು, ಹೋದ ವಾರ ತಾನು ಹೇಳಿದ ಮಾತನ್ನು ಮರೆತುಬಿಡಿ, ಇನ್ನು ಹೆಚ್ಚು ಭಾನುವಾರಗಳು ಇರಲಾರವು ಎಂದಳು. ಕೇಳದಿದ್ದರೂ ಇನ್ನೊಂದು ಬಾಟಲಿ ಅವನ ಕೈಗಿಟ್ಟಳು.

ವಿಲ್ಫ್ ಮಾಳಿಗೆಗೆ ಹೋದ. "ಹೋಗೋಣ," ಎಂದ. "ಆದ್ರೆ ನೋವಾದ್ರೆ ಬಾಯಿ ಬಿಡ್ಬೇಕು. ಮುಚ್ಚಿಟ್ಕೊಂಡು ನನ್ನ ಪಕ್ಕ ಕೂರ್ಕೂಡದು."

"ಬಿಡ್ತೀನಿ," ಎಂದಳು ಬೆರಿಲ್. "ನಾನು ಕೂಗಿದ್ರೂ ನೀನು ಗಾಡಿ ನಿಲ್ಲಿಸ್ಕೂಡದು."

ಅವತ್ತು ಬಿಸಿಲಿತ್ತು, ಬೇಲಿಗಳಲ್ಲಿ ಬಿಳಿ ಹೂವು ಬಿಟ್ಟಿತ್ತು. ಓಣಿ ಹಿಡಿಯುವ ತನಕ ಅವಳು ಸುಮ್ಮನಿದ್ದಳು. ಮೊದಲ ತಿರುವಿನಲ್ಲಿ ಹಾ ಎಂದಳು. ವಿಲ್ಫನ ಕಾಲು ತಂತಾನೇ ಬ್ರೇಕಿನ ಕಡೆ ಹೋಯಿತು. ಅವಳು ಕೈಯೆತ್ತಿದಳು, ಅವನು ಕಾಲು ತೆಗೆದ. ಆಮೇಲೆ ಅವಳು, ಹಿಂದಿನ ಭಾನುವಾರಗಳಲ್ಲಿ ಕಾರಿನ ಬಗ್ಗೆ ಹೇಳುತ್ತಿದ್ದಂತೆಯೇ, ತನ್ನ ಬೆನ್ನಿನ ಬಗ್ಗೆ ಹೇಳುತ್ತ ಹೋದಳು. ಇದು ಸೂಜಿ ಚುಚ್ಚಿದ ಹಾಗೆ. ಇದು ಬಾಗಿಲಿಗೆ ಬೆರಳು ಸಿಕ್ಕ ಹಾಗೆ. ಇದು ಏನಿಲ್ಲ, ಹೋಗು. ಇದು ಆಗಲೇ ಬಂದದ್ದು, ಈಗ ತಿಳಿಯುತ್ತಿದೆ. ವಿಲ್ಫ್ ಕೇಳಿಸಿಕೊಂಡ. ಯಾವುದನ್ನೂ ಸ್ಪ್ರಿಂಗಿನ ಲೆಕ್ಕಕ್ಕೆ ತಿರುಗಿಸುವಂತಿರಲಿಲ್ಲ, ಯಾವುದಕ್ಕೂ ಸೋಮವಾರ ಹೋಗಿ ಮಾಡುವಂಥದ್ದು ಏನೂ ಇರಲಿಲ್ಲ. ರೈಲು ಹಳಿಯ ಮೇಲೆ ಅವಳು ಗಟ್ಟಿಯಾಗಿ ಕೂಗಿದಳು. ಅವನ ಕಣ್ಣಿಂದ ನೀರಿಳಿಯಿತು. ಗಾಡಿ ನಿಲ್ಲಿಸಲಿಲ್ಲ.

ವೆಲ್ಸ್‌ಗೆ ಹೋದಾಗ ಸಮುದ್ರ ಇಳಿದಿತ್ತು. ಕಾಲುವೆ ಬರಿದಾಗಿ ದೋಣಿಗಳೆಲ್ಲ ಕೆಸರಿನಲ್ಲಿ ಒಂದೊಂದು ಕಡೆಗೆ ವಾಲಿ ಬಿದ್ದಿದ್ದವು. ನೀರು ಬರುವ ತನಕ ಇರೋಣ ಎಂದಳು. ಚಿಪ್ಸ್ ಬೇಡವೆಂದಳು, ಕಾಗದಕ್ಕೆ ಅಂಟಿದ್ದ ವಿನಿಗರನ್ನು ಬೆರಳಿಂದ ಮುಟ್ಟಿ ನಾಲಿಗೆಗೆ ಇಟ್ಟುಕೊಂಡಳು. ತಾನು ಸಣ್ಣವಳಿದ್ದಾಗ ಅಪ್ಪ ಮನೆಗೆ ಬರುತ್ತಿದ್ದಾನೆಂದು ಅವನ ಬೂಟಿನ ಸದ್ದಿಗೆ ಮೊದಲೇ ವಾಸನೆಯಿಂದ ತಿಳಿಯುತ್ತಿತ್ತು ಎಂದಳು. ನಾನು ಹೋದ ಮೇಲೆ ನೀನು ಬೆಳಗ್ಗೆ ಗಂಜಿಯನ್ನಾದರೂ ಮಾಡಿಕೊಂಡು ತಿನ್ನಬೇಕು ಎಂದಳು. ವಿಲ್ಫ್ ಹೂಂ ಎಂದ. ಸಾಯಂಕಾಲಕ್ಕೆ ನೀರು ಕೆಸರಿನ ಸೀಳುಗಳಲ್ಲಿ ಸದ್ದಿಲ್ಲದೆ ನುಗ್ಗಿ ಬಂತು. ದೋಣಿಗಳು ಒಂದರ ಹಿಂದೊಂದು ಅಲುಗಾಡಿ, ನೆಟ್ಟಗಾಗಿ, ತೇಲಿದವು. ಕೊನೆಯ ದೋಣಿ ಎದ್ದು ನಿಲ್ಲುವುದನ್ನು ಅವಳು ನೋಡಿದಳೋ ಇಲ್ಲವೋ; ವಿಲ್ಫ್ ತಿರುಗಿದಾಗ ನಿದ್ದೆ ಬಂದುಬಿಟ್ಟಿತ್ತು.

ಎಂಜಿನ್ ಚಾಲೂ ಮಾಡಿದರೆ ಎಲ್ಲಿ ಎಚ್ಚರವಾಗುತ್ತದೋ ಎಂದು ಅವನು ಬಹಳ ಹೊತ್ತು ಕೀಲಿಕೈ ಮುಟ್ಟಲಿಲ್ಲ. ವಾಪಸು ಬರುವಾಗ ಹಳಿಯ ಮೇಲೂ ಅವಳು ಏಳಲಿಲ್ಲ.

ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ, ನರ್ಸ್ ಆಲ್ಡಸ್ ದಿಂಬು ಸರಿಮಾಡುತ್ತಿದ್ದಾಗ ಬೆರಿಲ್ ಹೋದಳು. ವಿಲ್ಫ್ ಕೆಳಗೆ ಟೀ ಮಾಡುತ್ತಿದ್ದ. ಅವಳನ್ನು ವೆಲ್ಸ್‌ನಲ್ಲಿ ಅವಳಪ್ಪನ ಪಕ್ಕದಲ್ಲೇ ಮಣ್ಣುಮಾಡಿದರು.

ಅವನು ಕೆಲಸಕ್ಕೆ ಮರಳಿದ ಹೊತ್ತಿಗೆ ಕಾರ್ಖಾನೆಯಲ್ಲಿ ಹೊಸ ಡನ್ಲಿನ್ ಬಗ್ಗೆ ಚರ್ಚೆ ನಡೆದಿತ್ತು. ಮ್ಯಾನೇಜರ್ ಆ ಹಸಿರು ಕಾರನ್ನು ಒಮ್ಮೆ ಓಡಿಸಿ ನೋಡಿದ್ದ. ಇಂಥ ನಯವಾದ ಸವಾರಿ ತನ್ನ ಜನ್ಮದಲ್ಲಿ ಕಂಡಿಲ್ಲ ಎಂದ. ಆದರೂ ಗಿರಾಕಿಗಳು ಕೇಳುವುದು ಗಟ್ಟಿ ಕಾರನ್ನೇ, ರಸ್ತೆ ಮೈಗೆ ಬಡಿದರೇ ಅವರಿಗೆ ಕಾಸಿಗೆ ತಕ್ಕ ಕಜ್ಜಾಯ ಸಿಕ್ಕಿತೆಂದು ಅನ್ನಿಸುವುದು ಎಂದು ಗಟ್ಟಿ ಸ್ಪ್ರಿಂಗುಗಳನ್ನೇ ಗೊತ್ತುಮಾಡಿದ್ದ. ಹಿಂದಿನ ದಿನಗಳಾಗಿದ್ದರೆ ಈ ಮಾತಿಗೆ ವಿಲ್ಫ್ ಮೇಜು ಗುದ್ದಿ ಹೊರನಡೆಯುತ್ತಿದ್ದ. ಈಗ ಒಪ್ಪಿಗೆಯೆಂದು ತಲೆಯಾಡಿಸಿ ಎದ್ದುಬಂದ. ಸಿಡ್ ಶೆಡ್ಡಿನ ತನಕ ಬೆನ್ನಟ್ಟಿ ಬಂದ.

"ಒಂದು ಮಾತೂ ಆಡಲ್ವಾ ನೀನು? ಅವ್ರು ನಿನ್ನ ಕಾರಿನ ಬೆನ್ನು ಮುರೀತಿದ್ದಾರೆ."

"ಯಾರಿಗೋಸ್ಕರ ಮೆತ್ತಗೆ ಮಾಡ್ಲಿ, ಸಿಡ್?" ಎಂದ ವಿಲ್ಫ್.

ಸಿಡ್ ಅವನ ಹೆಗಲ ಮೇಲೆ ಕೈಯಿಡಲು ಬಂದು, ಕೈಯಲ್ಲಿ ಗ್ರೀಸಿದೆಯೆಂದು ಹಿಂದಕ್ಕೆಳೆದುಕೊಂಡ. ಹಸಿರು ಕಾರನ್ನು ಇಟ್ಟುಕೊಳ್ಳುತ್ತೀಯಾ ಎಂದು ಆಮೇಲೆ ಕೇಳಿದ. ಬೇಡವೆಂದ ವಿಲ್ಫ್. ಇಬ್ಬರೂ ಸೇರಿ ಅದನ್ನು ಬಿಚ್ಚಿದರು. ಎರಡು ಮಧ್ಯಾಹ್ನದ ಕೆಲಸ. ಒಳ್ಳೆಯ ಭಾಗಗಳು ಬೇರೆ ಕಾರುಗಳಿಗೆ ಹೋದವು, ಉಳಿದದ್ದು ಗುಜರಿಗೆ.

ವಿಲ್ಫ್ ಇನ್ನೂ ಕೆಲವು ವರ್ಷ ದುಡಿದ. ಅವನ ಮೈಯ ಚುರುಕು ಕಡಿಮೆಯಾಯಿತೆಂದು ಯಾರೂ ಹೇಳಲಿಲ್ಲ. ಆದರೆ ವಾದ ಮಾಡುವುದನ್ನು ಬಿಟ್ಟಿದ್ದ, ಭಾನುವಾರ ಕಾರು ಮುಟ್ಟುತ್ತಿರಲಿಲ್ಲ. ನಿವೃತ್ತನಾದ ಮೇಲೆ ಮನೆ ಮಾರಿ ವೆಲ್ಸ್‌ನ ದಕ್ಕೆಯ ಹಿಂದೆ, ಬಲೆ ಇಡುವ ಕೊಠಡಿಯ ಮೇಲಿನ ಎರಡು ಕೋಣೆಗಳಿಗೆ ಬಂದ. ಅಲ್ಲಿ ಎಲ್ಲಿಗೆ ಹೋಗುವುದಿದ್ದರೂ ನಡೆದೇ ಹೋಗುತ್ತಿದ್ದ. ತಿಂಗಳಿಗೊಮ್ಮೆ ಸಿಡ್ ಬರುವನು. ಇಬ್ಬರೂ ಬೆಂಚಿನ ಮೇಲೆ ಕೂತು ನಾರ್ವಿಚ್ ಫುಟ್‌ಬಾಲ್ ತಂಡ ಈ ಸಲ ಹೇಗೆ ಸೋತಿತೆಂದು ಮಾತಾಡುವರು. ವಿಲ್ಫ್ ಕಾರು ಮಾಡುತ್ತಿದ್ದವನೆಂದು ಆ ಊರಿನವರಿಗೆ ಗೊತ್ತಿರಲಿಲ್ಲ. ಬೆರಿಲ್‌ಳ ಗಂಡ ಎಂದೇ ಕರೆಯುತ್ತಿದ್ದರು, ಅವನೂ ಓಗೊಡುತ್ತಿದ್ದ.